ಆಟಿ ಸೊಪ್ಪಿನ ಬಾಟ್ಲಿ

ಮದುವೆಯಾಗಿ ದೋಣಿಗಲ್ ಹತ್ತಿರದ ಈ ಕಾಫಿ ತೋಟದ ಮನೆಗೆ ಬಂದ ವರ್ಷ, ಕ್ರಿಸ್ಮಸ್ಸಿನ ಮಾರನೆಯ ಬೆಳಗ್ಗೆ ನಾನು ಬಚ್ಚಲುಮನೆಯಲ್ಲಿ ಕೂತು ಅತ್ತಿದ್ದೆ. ಮೂತ್ರ ಕೆಂಪಗೆ ಬಂದಿತ್ತು. ಇನ್ನು ನಾನು ಹೆಚ್ಚು ದಿನ ಇರುವುದಿಲ್ಲ ಎಂದೇ ತೀರ್ಮಾನಿಸಿಬಿಟ್ಟಿದ್ದೆ. ಹೊಸ ಗಂಡನಿಗೆ ಹೇಳಲು ನಾಚಿಕೆ. ಮಂಗಳೂರಿನಲ್ಲಿದ್ದ ಅಮ್ಮನಿಗೆ ಹೇಳೋಣವೆಂದರೆ ಫೋನ್ ಇದ್ದದ್ದು ಹಜಾರದಲ್ಲಿ, ಮಾವನ ಕುರ್ಚಿಯ ಪಕ್ಕದಲ್ಲೇ. ಬೇರೆ ದಾರಿಯಿಲ್ಲದೆ ಅಡುಗೆಮನೆಗೆ ಹೋಗಿ ಅತ್ತೆಯ ಕಿವಿಯಲ್ಲಿ ಹೇಳಿದೆ. ಅತ್ತೆ ಸೌಟು ಕೆಳಗಿಟ್ಟು, ಇಡೀ ಮನೆಗೆ ಕೇಳುವ ಹಾಗೆ, "ಸೊಸೆಗೂ ಕೆಂಪು!" ಎಂದು ಕೂಗಿದರು. ಹಜಾರದಲ್ಲಿ ಮಾವ ನಕ್ಕರು, ಗಂಡ ನಕ್ಕ, ಹಬ್ಬಕ್ಕೆ ಬಂದು ಉಳಿದಿದ್ದ ನೆಂಟರೆಲ್ಲ ನಕ್ಕರು. ನಾನು ಆ ದಿನ ಮಧ್ಯಾಹ್ನದ ಊಟಕ್ಕೆ ಹೊರಗೆ ಬರಲಿಲ್ಲ.

ಕಾರಣ ಹಿಂದಿನ ದಿನ ಕುಡಿದ ಬಾಟ್ಲಿ. ನಮ್ಮ ಕಡೆ ಕ್ರಿಸ್ತುವರ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ದ್ರಾಕ್ಷಿ ವೈನ್ ಮಾಡುತ್ತಾರೆ. ಅತ್ತೆ ಮಾತ್ರ ದ್ರಾಕ್ಷಿ ಮುಟ್ಟುತ್ತಿರಲಿಲ್ಲ. ಅವರದ್ದು ಸೊಪ್ಪಿನ ಬಾಟ್ಲಿ. ಬ್ರಾಂಡಿ, ಸಕ್ಕರೆ, ತೋಟದ ಅಂಚಿನ ಕಾಡು ದಾಲ್ಚಿನ್ನಿಯ ಎಲೆ, ಮತ್ತೆ ಆಟಿ ಸೊಪ್ಪು. ಬಣ್ಣ ಒಳ್ಳೆ ಮಾಗಿದ ನೇರಳೆಹಣ್ಣಿನದು. ಹೆಬ್ಬೆರಳಿನಷ್ಟು ಗ್ಲಾಸಿನಲ್ಲಿ ಕೊಡುತ್ತಿದ್ದರು. ನಾಲಿಗೆಗೆ ಮೊದಲು ಸಿಹಿ, ಆಮೇಲೆ ದಾಲ್ಚಿನ್ನಿಯ ಖಾರ, ಅದೆಲ್ಲ ಇಳಿದ ಮೇಲೆ ಒದ್ದೆ ಕಾಡಿನದೊಂದು ವಾಸನೆ ಗಂಟಲಲ್ಲಿ ಉಳಿಯುತ್ತಿತ್ತು.

ಆಟಿ ಸೊಪ್ಪು ಈ ಬೆಟ್ಟಗಳಲ್ಲಿ ಹಳ್ಳದ ಬದಿ, ಕಾಫಿ ಗಿಡದ ನೆರಳು, ಎಲ್ಲೆಂದರಲ್ಲಿ ಬೆಳೆಯುತ್ತದೆ. ಹನ್ನೊಂದು ತಿಂಗಳು ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ಜಡಿಮಳೆಯ ಆಟಿ ತಿಂಗಳ ಹದಿನೆಂಟನೆಯ ದಿನ ಮಾತ್ರ ಅದಕ್ಕೆ ಔಷಧಿಯೆಲ್ಲ ಇಳಿದು ಬರುತ್ತದೆ ಎಂಬುದು ಇಲ್ಲಿಯ ನಂಬಿಕೆ. ಆ ದಿನ ಸೊಪ್ಪನ್ನು ಬೇಯಿಸಿ, ಬಸಿದ ನೀರಿನಲ್ಲಿ ಅಕ್ಕಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ ಮಾಡುತ್ತಾರೆ. ತಿಂದವರಿಗೆ ಮಾರನೆಯ ಬೆಳಗ್ಗೆ ಕೆಂಪಗೆ ಹೋದರೆ ಮದ್ದು ಮೈಗೆ ಹಿಡಿಯಿತು ಎಂದರ್ಥ. ಹೋಗದಿದ್ದರೆ ಪಾಯಸ ಮಾಡಿದವಳ ಕೈ ಸರಿಯಿಲ್ಲ. ಕರಾವಳಿಯಿಂದ ಸೊಸೆಯಾಗಿ ಬಂದ ಅತ್ತೆಗೆ ಆಟಿಯೆಂದರೆ ಪಾಲೆ ಮರದ ತೊಗಟೆಯ ಕಹಿ ಕಷಾಯ ಮಾತ್ರ ಗೊತ್ತಿತ್ತಂತೆ. "ಘಟ್ಟದ ಮೇಲಿನವರು ಜಾಣರು, ಔಷಧಿಗೂ ಬೆಲ್ಲ ಹಾಕುತ್ತಾರೆ" ಎನ್ನುತ್ತಿದ್ದರು. ಆ ಜಾಣತನಕ್ಕೆ ಇವರು ತಮ್ಮ ಪಾಲಿನ ಬ್ರಾಂಡಿ ಸೇರಿಸಿದರು.

ಹಾಗಾಗಿ ಪ್ರತಿ ವರ್ಷ ಕ್ರಿಸ್ಮಸ್ಸಿನ ಮಾರನೆಯ ದಿನ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಲ್ಲುತ್ತಿದ್ದರು. ಬಚ್ಚಲಿಂದ ಬಂದವರು ಯಾರೇ ಆಗಲಿ, ಪಾದ್ರಿಗಳ ತಮ್ಮನೇ ಆಗಲಿ, "ಕೆಂಪಾ?" ಎಂದು ಕೇಳದೆ ಕಾಫಿ ಕೊಡುತ್ತಿರಲಿಲ್ಲ. ಹೌದು ಎಂದವರಿಗೆ ಮೊದಲ ಡಿಕಾಕ್ಷನ್. ಮಾವ ಮಾತ್ರ ಕೇಳಿಸಿಕೊಳ್ಳುವವರೆಗೂ ಕಾಯದೆ, ಟವೆಲ್ಲಿನಲ್ಲಿ ಮುಖ ಒರೆಸುತ್ತಾ ಬಂದು ತಾವೇ ಹೇಳುತ್ತಿದ್ದರು. ಅವರ ಬಾಯಿಂದ ಹೆಂಡತಿಗೆ ಬರುತ್ತಿದ್ದ ಹೊಗಳಿಕೆ ವರ್ಷಕ್ಕೆ ಅದೊಂದೇ.

ಬಾಟ್ಲಿ ಮಾಡುವ ದಿನ ಅತ್ತೆ ನನ್ನನ್ನು ಅಡುಗೆಮನೆಗೆ ಸೇರಿಸುತ್ತಿರಲಿಲ್ಲ. ಸೊಪ್ಪಿನಿಂದ ಬಸವನಹುಳು ಆರಿಸಿ ತೊಳೆದು ಕೊಡುವುದಷ್ಟೇ ನನ್ನ ಕೆಲಸ. ಹೇಳಿಕೊಡಿ ಎಂದರೆ, "ನಾನು ಹೋದ ಮೇಲೆ ಕಲಿ, ಈಗಲೇ ಏನವಸರ?" ಎನ್ನುವರು. ನಾವಿಬ್ಬರೂ ಜಗಳವಾಡದ ವಾರವಿರಲಿಲ್ಲ. ಮೀನಿಗೆ ಹುಣಸೆ ಹೆಚ್ಚಾಯಿತೆಂದು ಜಗಳ, ಕಿಟಕಿ ತೆರೆದರೆ ಜಗಳ, ಮುಚ್ಚಿದರೂ ಜಗಳ. ಆಮೇಲೆ ಒಂದು ಬೇಸಗೆಯಲ್ಲಿ, ಮೆಣಸು ಒಣಗಿಸುವ ಕಣದಲ್ಲಿ ಕೂತಿದ್ದವರು ಕೂತಲ್ಲೇ ವಾಲಿದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಜಗಳಕ್ಕೆ ಜನವಿಲ್ಲದ ಅಡುಗೆಮನೆ ನನಗೆ ಸಹಿಸಲಾರದಷ್ಟು ಸಪ್ಪಗಾಯಿತು.

ಆ ವರ್ಷ ಬಾಟ್ಲಿ ನಾನೇ ಮಾಡುತ್ತೇನೆಂದೆ. ದಿನದ ಲೆಕ್ಕವೆಲ್ಲ ಪಾಯಸಕ್ಕೆ ಮಾತ್ರ ಎಂದುಕೊಂಡು, ಆಟಿ ಶುರುವಾದ ಕೂಡಲೇ ಸೊಪ್ಪು ಕುಯ್ದು, ದಾಲ್ಚಿನ್ನಿ ಎಲೆಯ ಜೊತೆ ಗಾಜಿನ ಭರಣಿಗೆ ತುಂಬಿ, ಮೇಲೆ ಬ್ರಾಂಡಿ ಸುರಿದೆ. ಕೆಲವು ವಾರ ಬಿಟ್ಟು ನೋಡಿದರೆ ಒಳಗೆ ಪಾಚಿ ಕಟ್ಟಿದ ಹೊಂಡದ ಬಣ್ಣ. ಇಟ್ಟರೆ ಸರಿಹೋದೀತು ಎಂದು ಸಕ್ಕರೆ ಬೆರೆಸಿ ಇಟ್ಟೆ. ಕ್ರಿಸ್ಮಸ್ ದಿನ ಮಾವನ ಗ್ಲಾಸಿಗೆ ಸುರಿದು ಕೊಟ್ಟೆ. ನಮ್ಮ ಮನೆಯೊಳಗಿನ ಮಾತು ಕೊಂಕಣಿ. ಮಾವನಿಗೆ ಮನಸ್ಸಿಗೆ ತಾಗುವಂಥದ್ದು ಏನಾದರೂ ಆದರೆ ಮಾತ್ರ, ತೋಟದಲ್ಲಿ ಆಳುಗಳ ಜೊತೆ ಆಡಿ ಕಲಿತ ಈ ಕಡೆಯ ಕನ್ನಡ ಬರುತ್ತದೆ. ಒಂದು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟರು.

"ಇದು ಅವಳ್ದಲ್ಲ ಕಣಮ್ಮ. ಮುಂದಿನ್ ವರ್ಸ ಬ್ಯಾಡ. ಅಂಗಡಿಯಿಂದ ಏನಾರ ತಂದ್ರಾಯ್ತು."

ಬೈದಿದ್ದರೆ ನಾನೂ ಎದುರು ಮಾತಾಡುತ್ತಿದ್ದೆ. ಆದರೆ ಅವರು ಹಾಗೆಂದು ಎದ್ದು ಹೋಗಿ, ಗ್ಲಾಸನ್ನು ತೊಳೆದು ಒರೆಸಿ, ಅತ್ತೆಯ ಪಿಂಗಾಣಿ ತಟ್ಟೆಗಳಿದ್ದ ಬೀರುವಿನ ಒಳಗಿಟ್ಟು ಬಾಗಿಲು ಹಾಕಿದರು. ಮಾರನೆಯ ಬೆಳಗ್ಗೆ ಬಚ್ಚಲಿಂದ ಬಂದವರು ಸುಮ್ಮನೆ ಕಾಫಿ ತೆಗೆದುಕೊಂಡರು. ಆ ಬೆಳಗ್ಗೆ ನನಗೆ ಬಂದ ದುಃಖ ಅತ್ತೆ ಸತ್ತ ದಿನವೂ ಬಂದಿರಲಿಲ್ಲ. ಅತ್ತೆ ಹೋದರು, ಸರಿ, ಅದು ನನ್ನ ಕೈಯಲ್ಲಿರಲಿಲ್ಲ. ಅವರ ಬಾಟ್ಲಿಯೂ ಹೋಗಬೇಕೆಂದು ಯಾರು ಹೇಳಿದರು? ಮಾಡಿಯೇ ತೀರುತ್ತೇನೆ ಎಂದು ಅಲ್ಲೇ ನಿಂತು ಹಟ ತೊಟ್ಟೆ.

ಎರಡನೆಯ ವರ್ಷ ಪಕ್ಕದ ತೋಟದ ಗೌಡರ ಮನೆಯ ಅಕ್ಕನನ್ನು ಕೇಳಿದೆ. ಅಕ್ಕನ ಪಾಯಸವೆಂದರೆ ನಮ್ಮ ಸುತ್ತಿಗೆಲ್ಲ ಹೆಸರು. ಬಾಟ್ಲಿಯ ವಿಷಯ ಎತ್ತದೆ, ಸೊಪ್ಪಿಗೆ ಬಣ್ಣ ಏಕೆ ಬರಲಿಲ್ಲ ಎಂದಷ್ಟೇ ಕೇಳಿದೆ. ಅತ್ತೆಯೂ ಅವರ ಮುಂದೆ ಬಾಟ್ಲಿಯ ಮಾತೆತ್ತಿದ್ದನ್ನು ನಾನು ಕೇಳಿರಲಿಲ್ಲ.

"ಹದಿನೆಂಟಕ್ಕೆ ಮುಂಚೆ ಕುಯ್ದ್ರೆ ಅದು ದನ ತಿನ್ನೋ ಸೊಪ್ಪು ಕಣಮ್ಮ. ಆವತ್ತೇ ಕುಯ್ಯಬೇಕು. ಹಿಂದಿನ್ ದಿನ ಅಲ್ಲ, ಮಾರ್ನೆ ದಿನ ಅಲ್ಲ," ಎಂದರು ಅಕ್ಕ.

ಆ ಸಲ ಆ ದಿನವೇ ಹಳ್ಳಕ್ಕೆ ಇಳಿದೆ. ಕಾಲಿಗೆ ಸುಣ್ಣ ಬಳಿದುಕೊಂಡಿದ್ದರೂ ರಕ್ತ ಹೀರುವ ಇಂಬಳಗಳು ನನ್ನ ಮರ್ಯಾದೆ ಉಳಿಸಲಿಲ್ಲ. ಹಸಿ ಸೊಪ್ಪನ್ನು ಹಾಗೇ ಬ್ರಾಂಡಿಯಲ್ಲಿ ನೆನೆಸಿದೆ. ಹಸಿರು ಹೋಗಿ ಕಂದು ಬಣ್ಣ ಬಂತು, ಅಷ್ಟೇ. ಕ್ರಿಸ್ಮಸ್ಸಿಗೆ ಮಾವ ಬೀರುವಿನಿಂದ ಗ್ಲಾಸನ್ನೇ ತೆಗೆಯಲಿಲ್ಲ. ಕುಡಿದ ಗಂಡ ಮುಖ ಕಿವುಚಿ, "ಒಳ್ಳೆ ಬ್ರಾಂಡಿಯಾಗಿತ್ತು ಮಾರಾಯ್ತಿ, ಹಾಗೇ ಕುಡಿದಿದ್ದರೂ ಆಗುತ್ತಿತ್ತು" ಎಂದ. ಇನ್ನು ಮೇಲೆ ಈ ಕೆಲಸಕ್ಕೆ ಬ್ರಾಂಡಿ ತಂದುಕೊಡುವುದಿಲ್ಲವೆಂದೂ ಸೇರಿಸಿದ.

ತರಬೇಡ. ನನಗೇನು ಕಾಲಿಲ್ಲವೇ? ಮೂರನೆಯ ವರ್ಷ ಬಸ್ಸು ಹತ್ತಿ ಸಕಲೇಶಪುರಕ್ಕೆ ಹೋಗಿ, ವೈನ್ ಶಾಪಿನ ಜಾಲರಿಯ ಮುಂದೆ ಗಂಡಸರ ಸಾಲಿನಲ್ಲಿ ನಿಂತೆ. ನನ್ನ ಹಿಂದೆ ಮುಂದೆ ನಿಂತಿದ್ದವರು ಒಬ್ಬೊಬ್ಬರೇ ಜಾಗ ಬಿಟ್ಟರು. ಚರ್ಚಿನಲ್ಲಿ ಹಾಡುವ ಒಬ್ಬರು ನನ್ನನ್ನು ಕಂಡು ಸ್ಕೂಟರ್ ನಿಲ್ಲಿಸಲೋ ಬೇಡವೋ ಎಂದು ಒದ್ದಾಡಿ, ಕೊನೆಗೆ ಹಾರ್ನ್ ಹೊಡೆದು ಹೋದರು. ಅಂಗಡಿಯವನಿಗೆ ನಮ್ಮ ಮನೆಯವರು ಗೊತ್ತು.

"ಅಣ್ಣಂಗೆ ಹುಷಾರಿಲ್ವಾ ಅಕ್ಕ? ನೀವು ಬಂದಿದೀರಲ್ಲ," ಎಂದ.

"ಚೆನ್ನಾಗಿದ್ದಾರೆ. ಇದು ನನಗೆ. ಬೇಗ ಕೊಡಿ, ಬಸ್ಸು ಹೋಗುತ್ತೆ," ಎಂದೆ.

ಅವನು ಪೇಪರಿನಲ್ಲಿ ಸುತ್ತಲು ಹೋದ. ಸುತ್ತುವುದೇನೂ ಬೇಡವೆಂದು ಹಾಗೇ ಬುಟ್ಟಿಗೆ ಹಾಕಿಕೊಂಡೆ. ಮನೆಗೆ ಬಂದು ಈ ಸಲ ದಾಲ್ಚಿನ್ನಿ ಎಲೆಗಳನ್ನು ಮಾತ್ರ ಕೈಯಲ್ಲಿ ಮುರಿದು ಬ್ರಾಂಡಿಗೆ ಹಾಕಿ, ಭರಣಿಯ ಬಾಯಿ ಕಟ್ಟಿದೆ. ಕೆಲವೇ ದಿನದಲ್ಲಿ ಅದು ಘಮ್ಮೆನ್ನತೊಡಗಿತು. ಅರ್ಧ ಕೆಲಸ ನನಗೆ ಬರುತ್ತದೆ ಎಂದಾಯಿತು. ತಪ್ಪುತ್ತಿದ್ದದ್ದು ಆಟಿ ಸೊಪ್ಪಿನಲ್ಲಿ.

ಆಟಿ ಹದಿನೆಂಟರ ಬೆಳಗ್ಗೆ ನಮ್ಮ ಹಳ್ಳದ ಸೊಪ್ಪನ್ನೆಲ್ಲ ಕುಯ್ದು ತಂದು ತೊಳೆದಿಟ್ಟು, ಅಕ್ಕ ಕರೆದರೆಂದು ಪಾಯಸಕ್ಕೆ ಹೋದೆ. ಪಾಯಸ ನಾನು ಎಷ್ಟೋ ಸಲ ತಿಂದಿದ್ದೆ, ಆದರೆ ಅದು ಆಗುವ ಹೊತ್ತಿಗೆ ಅವರ ಅಡುಗೆಮನೆಯಲ್ಲಿ ನಿಂತದ್ದು ಅದೇ ಮೊದಲು. ಒಲೆಯ ಮೇಲೆ ದೊಡ್ಡ ಪಾತ್ರೆ. ಅಕ್ಕ ಮುಚ್ಚಳ ತೆಗೆದು ಸೊಪ್ಪನ್ನು ಮಗುಚಿದರು. ಎಲೆಯೆಲ್ಲ ಬಣ್ಣ ಬಿಟ್ಟು ಬಿಳಿಚಿಕೊಂಡಿತ್ತು, ನೀರು ಕಡು ನೇರಳೆ. ನಾನು ನೋಡುತ್ತಲೇ ನಿಂತೆ. ಬೇಯಿಸುವುದು ಪಾಯಸಕ್ಕೆ, ನೆನೆಸುವುದು ಬಾಟ್ಲಿಗೆ ಎಂದೇ ನಾನು ತಿಳಿದಿದ್ದೆ. ಅದೇ ಹೊತ್ತಿಗೆ ನನ್ನ ನೆನಪಿಗೆ ಅತ್ತೆಯ ಮುಚ್ಚಳದ ತೂಗುಪಾತ್ರೆ ಬಂತು. ಪ್ರತಿ ವರ್ಷ ಇಲ್ಲಿಂದ ಪಾಯಸ ತಿಂದು ಬರುವಾಗ ಅವರ ಕೈಯಲ್ಲಿ ಅದು ಇರುತ್ತಿತ್ತು, ಆದರೆ ರಾತ್ರಿ ಊಟಕ್ಕೆ ಮಾವನ ತಟ್ಟೆಗೆ ಪಾಯಸ ಬಿದ್ದದ್ದು ನಾನು ನೋಡಿರಲಿಲ್ಲ.

"ಅಕ್ಕ, ನಮ್ಮತ್ತೆ ಇಲ್ಲಿಂದ ಏನಾದರೂ ತಗೊಂಡು ಹೋಗುತ್ತಿದ್ದರಾ?"

"ಹೂಂ ಮತ್ತೆ. ಸೊಪ್ಪಿನ್ ನೀರು. ಮೊಣಕಾಲಿಗೆ ಹಚ್ಕತೀನಿ ಅಂತಿದ್ರು. ಪಾಪ, ಬಾಳ ನೋವಿತ್ತಂತಲ್ಲ."

ಅತ್ತೆಗೆ ಮೊಣಕಾಲು ನೋವೇ? ಎಪ್ಪತ್ತರ ಮೇಲೂ ಕಾಫಿ ಸ್ಟೋರಿನ ಏಣಿ ಹತ್ತಿ ಗೋಣಿಚೀಲ ಲೆಕ್ಕ ಹಾಕುತ್ತಿದ್ದ ಹೆಂಗಸು! ನಾನು ತೊಳೆದುಕೊಟ್ಟ ಸೊಪ್ಪು ಸಾಲದ್ದಕ್ಕೆ ಇಲ್ಲಿಯ ನೀರೂ ಬಾಟ್ಲಿಗೇ ಹೋಗುತ್ತಿತ್ತು. ಬಾಯಿಗೆ ಸೆರಗು ಒತ್ತಿ ನಗು ತಡೆದೆ. ಪಾಯಸ ಗಬಗಬನೆ ತಿಂದು ಮನೆಗೆ ಓಡಿದೆ.

ನಮ್ಮ ಒಲೆಯ ಮೇಲೂ ಸೊಪ್ಪು ಬೆಂದಿತು, ನೀರಿಗೂ ಬಣ್ಣ ಬಂತು. ಆ ಬಣ್ಣ ಕಂಡ ಖುಷಿಯಲ್ಲಿ ನನಗೆ ತಾಳ್ಮೆ ಎಲ್ಲಿಯದು? ಕುದಿಯುವ ನೀರನ್ನೇ ಬಸಿದು ಭರಣಿಯ ಬ್ರಾಂಡಿಗೆ ಸುರಿದುಬಿಟ್ಟೆ. ಭುಸ್ಸೆಂದು ಆವಿ ಎದ್ದಿತು. ತೋಟದಲ್ಲಿದ್ದ ಗಂಡ ವಾಸನೆ ಹಿಡಿದು ಬಂದು, ಏನು ವಿಶೇಷವೆಂದು ಕೇಳಿದ. ರುಚಿ ನೋಡಿದರೆ ಬ್ರಾಂಡಿಯ ಜೀವವೇ ಹಾರಿಹೋಗಿ, ಉಳಿದದ್ದು ಬಣ್ಣದ ನೀರು. ಸುರಿಯುವಾಗ ಭರಣಿ ತುಂಬಿ ಹರಿಯುತ್ತದೆಂದು ಹೆದರಿ, ಒಂದಿಷ್ಟು ಬ್ರಾಂಡಿಯನ್ನು ಮೊದಲೇ ಬೇರೆ ತೆಗೆದಿಟ್ಟಿದ್ದೆ. ಅದೊಂದೇ ಉಳಿಯಿತು. ಆದರೆ ಸೊಪ್ಪು? ನಮ್ಮ ಹಳ್ಳವನ್ನು ಬೋಳಿಸಿಯಾಗಿತ್ತು. ನಾಳೆ ಎಲ್ಲಿಂದಾದರೂ ತಂದರೆ ಅದು ದನ ತಿನ್ನುವ ಸೊಪ್ಪು. ಇನ್ನೊಂದು ವರ್ಷ ಕಾಯಬೇಕು. ಮಾವನಿಗೆ ಆ ಮಳೆಗಾಲ ಎರಡು ಸಲ ಎದೆಗೆ ಕಫ ಕಟ್ಟಿ ಮಲಗುವಂತಾಗಿತ್ತು. ಇನ್ನೊಂದು ವರ್ಷ ಎನ್ನುವ ಮಾತು ನನಗೆ ಇಷ್ಟವಾಗಲಿಲ್ಲ.

ಇಳಿಹೊತ್ತಿಗೆ ಮತ್ತೆ ಅಕ್ಕನ ಮನೆ ಬಾಗಿಲಿಗೆ ಹೋದೆ, ಕೈಯಲ್ಲಿ ಅತ್ತೆಯ ಅದೇ ತೂಗುಪಾತ್ರೆ.

"ಅಕ್ಕ, ಸೊಪ್ಪಿನ ನೀರು ಉಳಿದಿದ್ದರೆ ಕೊಡಿ."

"ನಿಂಗೂ ಮೊಣಕಾಲಾ?" ಎಂದರು ಅಕ್ಕ, ನನ್ನನ್ನು ಮೇಲಿಂದ ಕೆಳಗೆ ನೋಡಿ.

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಅತ್ತೆ ಆ ಸುಳ್ಳು ಏಕೆ ಹೇಳಿದರೆಂದು ನನಗೆ ಅರ್ಥವಾಗಿತ್ತು. ಆ ಮನೆಯಲ್ಲಿ ಸೊಪ್ಪು ಮೊದಲು ದೇವರ ಮುಂದೆ ಹೋಗಿ ಆಮೇಲೆ ಒಲೆಗೆ ಬರುತ್ತದೆ. ಅದನ್ನು ಬ್ರಾಂಡಿಗೆ ಹಾಕುತ್ತೇನೆಂದು ಹೇಳಲು ಅವರಿಗೆ ಬಾಯಿ ಬಂದಿರಲಿಕ್ಕಿಲ್ಲ. ಆದರೆ ನನಗೆ ಕದ್ದು ಮುಚ್ಚಿ ಮಾಡುವುದು ಆಗದು. ವೈನ್ ಶಾಪಿನ ಸಾಲಿನಲ್ಲಿ ನಿಂತು ಬಂದವಳು ನಾನು.

"ಇಲ್ಲ ಅಕ್ಕ. ಕುಡಿಯೋಕೆ. ಬ್ರಾಂಡಿಗೆ ಹಾಕಿ ಕ್ರಿಸ್ಮಸ್ಸಿಗೆ ಕೊಡೋಕೆ. ಅತ್ತೆ ಒಯ್ಯುತ್ತಿದ್ದದ್ದೂ ಅದಕ್ಕೇ."

ಅಕ್ಕ ಎರಡು ಬೆರಳಿನಲ್ಲಿ ಅಳತೆ ಹಿಡಿದು ತೋರಿಸಿದರು.

"ಹಬ್ಬಕ್ಕೆ ಬಂದಾಗ ಇಷ್ಟೇ ಇಷ್ಟು ಗ್ಲಾಸಲ್ಲಿ ಕೊಡೋರಲ್ಲ... ಅದಾ?"

"ಅದೇ."

"ನಂಗೆ ದ್ರಾಕ್ಷಿ ಶರಬತ್ತು ಅಂದಿದ್ರು ಕಣೇ!" ಅಕ್ಕ ಹಣೆ ಬಡಿದುಕೊಂಡರು. "ಅದ್ಕೇಯ. ಡಿಸೆಂಬರಲ್ಲಿ ಎಲ್ಲಿಂದ ಬಂತಪ್ಪ ಈ ಕೆಂಪು ಅಂತ ನಾನೂ ಯೋಚ್ನೆ ಮಾಡಿದ್ದೇ ಮಾಡಿದ್ದು. ಯಾರಿಗೂ ಹೇಳಂಗಿಲ್ಲ, ಕೇಳಂಗಿಲ್ಲ."

ಬೈಯುತ್ತಾರೆಂದು ಕಾದೆ. ಬೈದರು ಕೂಡ, ಒಳಗೆ ಹೋಗುತ್ತಾ, ನನ್ನನ್ನೂ ಸತ್ತ ಅತ್ತೆಯನ್ನೂ ಒಟ್ಟಿಗೆ ಸೇರಿಸಿ. ಪಾಯಸಕ್ಕೆ ಬಸಿದ ನೀರು ಖಾಲಿಯಾಗಿದೆಯೆಂದು ಹೇಳಿ, ಹಿತ್ತಿಲ ಕಡೆಯಿಂದ ಒಂದು ತೆಕ್ಕೆ ಹಸಿ ಸೊಪ್ಪು ತಂದು ನನ್ನ ಮೇಲೆ ಹೇರಿದರು.

"ಕತ್ತಲಾಗೋಕೆ ಮುಂಚೆ ಒಲೆ ಮೇಲಿಡು. ಕಡ್ಡಿ ಬಿಸಾಕ್ಬ್ಯಾಡ, ಬಣ್ಣ ಕಡ್ಡೀಲೇ ಇರೋದು. ಇನ್ನೊಂದ್ ಮಾತು. ನಂಗೆ ಸುಳ್ಳೇಳಿ ಕುಡಿಸ್ಬ್ಯಾಡ. ಕೊಡುವಾಗ ಬ್ರಾಂಡಿ ಅಂತ ಬಾಯ್ಬಿಟ್ಟು ಹೇಳಿ ಕೊಡು."

ಈ ಸಲ ನಾನು ಆತುರಪಡಲಿಲ್ಲ. ಆಟಿ ಹದಿನೆಂಟರ ಸಂಜೆ ನಮ್ಮ ಮನೆಯ ಸಕ್ಕರೆ ಡಬ್ಬ ಯಾವಾಗಲೂ ಖಾಲಿಯಾಗಿರುತ್ತಿದ್ದದ್ದು ನೆನಪಾಯಿತು. ಹಾಗಾದರೆ ಅತ್ತೆ ಸಕ್ಕರೆಯನ್ನು ಬ್ರಾಂಡಿಗಲ್ಲ, ಈ ನೀರಿಗೆ ಹಾಕಿ ಕುದಿಸುತ್ತಿದ್ದರು. ಕಡ್ಡಿ ಸಮೇತ ಬೇಯಿಸಿದೆ, ಎಲೆ ಬಿಳಿಚಿದ ಮೇಲೆ ಬಸಿದೆ, ಸಕ್ಕರೆ ಸುರಿದು ಬೆರಳಿಗೆ ಅಂಟುವವರೆಗೆ ಪಾಕ ಇಳಿಸಿದೆ. ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಪೂರ್ತಿ ಆರುವವರೆಗೆ ಕುರ್ಚಿ ಹಾಕಿಕೊಂಡು ಕಾವಲು ಕೂತೆ. ಆಮೇಲೆ ಉಳಿದ ಬ್ರಾಂಡಿಗೆ ಸೌಟು ಸೌಟಾಗಿ ಬೆರೆಸಿದೆ. ಆದದ್ದು ಒಂದೇ ಬಾಟ್ಲಿ. ಕಾರ್ಕ್ ಬಿಗಿದು ಅಕ್ಕಿ ಡಬ್ಬದ ಹಿಂದೆ ಕತ್ತಲಲ್ಲಿಟ್ಟೆ, ಕ್ರಿಸ್ಮಸ್ಸಿನವರೆಗೆ ಯಾರಿಗೂ ತೋರಿಸಲಿಲ್ಲ.

ಕ್ರಿಸ್ಮಸ್ ದಿನ ಮಧ್ಯಾಹ್ನ ಕುಸ್ವಾರ್ ತಿಂಡಿಗಳ ತಟ್ಟೆಯ ಜೊತೆ ಬಾಟ್ಲಿಯನ್ನೂ ಮೇಜಿನ ಮೇಲಿಟ್ಟೆ. ಅಕ್ಕ ಬಂದಿದ್ದರು. ಮೊದಲ ಗ್ಲಾಸು ಅವರ ಕೈಗೆ ಕೊಟ್ಟು, "ಅಕ್ಕ, ಇದು ಬ್ರಾಂಡಿ" ಎಂದು ಜೋರಾಗಿಯೇ ಹೇಳಿದೆ.

"ಕೇಳುಸ್ತು ಬುಡು," ಎಂದು ಅಕ್ಕ ಒಂದೇ ಗುಟುಕಿಗೆ ಮುಗಿಸಿ, ಕಣ್ಣು ಮುಚ್ಚಿ ತೆರೆದು, ಗ್ಲಾಸನ್ನು ಮತ್ತೆ ಮುಂದೆ ಹಿಡಿದರು.

ಮಾವ ಕುರ್ಚಿಯಿಂದ ಬಾಟ್ಲಿಯನ್ನೇ ನೋಡುತ್ತಿದ್ದರು. ಬಣ್ಣ ಅವರಿಗೂ ಕಂಡಿತ್ತು. ನಾನು ಗ್ಲಾಸು ತರಲು ಹೋಗಲಿಲ್ಲ, ಕುಡಿಯಿರಿ ಎಂದೂ ಹೇಳಲಿಲ್ಲ. ಕೊನೆಗೆ ಅವರೇ ಎದ್ದು, ಬೀರು ತೆರೆದು, ತಮ್ಮ ಗ್ಲಾಸು ಹಿಡಿದು ಬಂದರು. ಅಂಚಿನವರೆಗೆ ಸುರಿದೆ, ತುಳುಕಿ ಮೇಜಿನ ಬಟ್ಟೆಯ ಮೇಲೆ ಕಲೆಯಾಯಿತು. ಮೊದಲ ಗುಟುಕು ಬಾಯಲ್ಲೇ ಇಟ್ಟುಕೊಂಡರು. ನುಂಗಿದರು. ಇನ್ನೊಂದು ಗ್ಲಾಸು ಕೇಳಿದರು, ಆಮೇಲೆ ಇನ್ನೂ ಒಂದು. ಮುಖದಲ್ಲಿ ಏನೂ ಗೊತ್ತಾಗಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಹೇಗಿದೆ ಮಾವ?"

"ಈಗ್ಲೇ ಹೆಂಗ್ ಹೇಳಾದು? ನಾಳೆ ಬೆಳಿಗ್ಗೆ ಹೇಳ್ತೀನಿ," ಎಂದರು.

ಮಾರನೆಯ ಬೆಳಗ್ಗೆ ಬೆಳಕು ಹರಿಯುವ ಮೊದಲೇ ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಮೊದಲ ಡಿಕಾಕ್ಷನ್ ಇಳಿದು ಲೋಟದಲ್ಲಿತ್ತು. ಬಚ್ಚಲಲ್ಲಿ ನೀರಿನ ಸದ್ದು ನಿಂತಿತು. ಚಿಲಕ ತೆರೆಯಿತು. ಮಾವ ಟವೆಲ್ಲಿನಲ್ಲಿ ಮುಖ ಒರೆಸುತ್ತಾ ಬಂದರು. ನನ್ನ ಮುಂದೆ ನಿಂತರೂ ಟವೆಲ್ ಮುಖದಿಂದ ಇಳಿಯಲಿಲ್ಲ. ಇಷ್ಟು ಹೊತ್ತು ಯಾರೂ ಮುಖ ಒರೆಸುವುದಿಲ್ಲ. ಟವೆಲ್ಲಿನ ಒಳಗಿನಿಂದಲೇ ಮಾತು ಬಂತು.

"ಕೆಂಪು ಕಣಮ್ಮ."

ನಾನು ಕಾಫಿ ಲೋಟ ಮುಂದೆ ಹಿಡಿದೆ. ತೆಗೆದುಕೊಂಡು ಎರಡು ಹೆಜ್ಜೆ ಹೋದವರು ತಿರುಗಿದರು. ಕಣ್ಣು ಕೂಡ ಕೆಂಪಗಾಗಿತ್ತು.

"ಮುಂದಿನ್ ವರ್ಸ ಸಕ್ರೆ ಒಸಿ ಕಮ್ಮಿ ಹಾಕು. ಅವ್ಳು ಇಷ್ಟ್ ಹಾಕ್ತಿರ್ಲಿಲ್ಲ."

"ಸಕ್ಕರೆ ಸರಿಯಾಗೇ ಇದೆ ಮಾವ," ಎಂದೆ. ಅಳುತ್ತಿದ್ದೆ, ಆದರೂ ಎಂದೆ.